ಕೊಡಗಿನ ಕಾಫಿ ಪೂರೈಕೆ ಸರಪಳಿಯ ಸುಸ್ಥಿರತಾ ಅಪಾಯಗಳು

ಕರ್ನಾಟಕದ ಕೊಡಗು ಜಿಲ್ಲೆಯ ತೋಟಗಳಲ್ಲಿ ಬೆಳೆದ ಕಾಫಿಯು ಬೆಳೆಗಾರ, ಸ್ಥಳೀಯ ವ್ಯಾಪಾರಿ, ಕ್ಯೂರಿಂಗ್ ಘಟಕ, ರಫ್ತುದಾರ, ಆಮದುದಾರ ಮತ್ತು ಹುರಿಯುವ ಕಂಪನಿಗಳ ಕೈ ದಾಟಿ ಗ್ರಾಹಕನನ್ನು ತಲುಪುವ ಹಾದಿಯಲ್ಲಿ ಕಾಡು, ನೀರು, ದುಡಿಮೆ, ಭೂಮಿಯ ಹಕ್ಕು ಮತ್ತು ಹವಾಮಾನಗಳಿಗೆ ಸಂಬಂಧಿಸಿದಂತೆ ಎದುರಾಗುವ ತೊಡಕುಗಳನ್ನು ಒಟ್ಟಾಗಿ ಕೊಡಗಿನ ಕಾಫಿ ಪೂರೈಕೆ ಸರಪಳಿಯ ಸುಸ್ಥಿರತಾ ಅಪಾಯಗಳು ಎನ್ನಲಾಗುತ್ತದೆ. ಇವುಗಳನ್ನು ಗುರುತಿಸುವುದು, ಅಳೆಯುವುದು, ತಗ್ಗಿಸುವುದು ಹಾಗೂ ಅವುಗಳ ಬಗ್ಗೆ ಲೆಕ್ಕ ಒಪ್ಪಿಸುವುದು ಅಪಾಯ ನಿರ್ವಹಣೆಯ ವ್ಯಾಪ್ತಿಗೆ ಬರುತ್ತವೆ. ಭಾರತದ ಕಾಫಿಯಲ್ಲಿ ಸುಮಾರು ಶೇಕಡ 70ರಷ್ಟು ಕರ್ನಾಟಕದಲ್ಲಿ ಬೆಳೆಯುತ್ತದೆ. ದೇಶದ ಒಟ್ಟು ಉತ್ಪಾದನೆಯ ಮೂರನೇ ಒಂದಕ್ಕೂ ಹೆಚ್ಚು ಭಾಗ ಕೊಡಗು ಒಂದರಿಂದಲೇ ಬರುತ್ತದೆ. ಆ ಬೆಳೆಯ ಬಹುಪಾಲು ವಿದೇಶಗಳಿಗೆ, ಅದರಲ್ಲಿಯೂ ಇಟಲಿ ಮತ್ತು ಜರ್ಮನಿ ಮೊದಲಾದ ಯುರೋಪಿನ ದೇಶಗಳಿಗೆ ಹೋಗುವುದರಿಂದ, ಅಲ್ಲಿನ ಕಾನೂನುಗಳಲ್ಲಾಗುವ ಬದಲಾವಣೆಯ ಪರಿಣಾಮ ಸಿದ್ದಾಪುರ, ಗೋಣಿಕೊಪ್ಪಲು ಅಥವಾ ಸುಂಟಿಕೊಪ್ಪದ ಸಣ್ಣ ಬೆಳೆಗಾರನವರೆಗೂ ಬಂದು ಮುಟ್ಟುತ್ತದೆ.

ಸರಪಳಿಯ ಸ್ವರೂಪ

ಜಿಲ್ಲೆಯಲ್ಲಿ ಒಂದು ಲಕ್ಷ ಹೆಕ್ಟೇರಿಗೂ ಮಿಗಿಲಾದ ಪ್ರದೇಶದಲ್ಲಿ ಕಾಫಿ ಬೆಳೆಯಲಾಗುತ್ತದೆ. ಇದರಲ್ಲಿ ರೊಬಸ್ಟಾದ ಪಾಲೇ ಹೆಚ್ಚು. ಮಡಿಕೇರಿ ಮತ್ತು ಸೋಮವಾರಪೇಟೆಯ ಎತ್ತರದ ಭಾಗಗಳಲ್ಲಿ ಅರೇಬಿಕಾ ಪ್ರಧಾನವಾಗಿದೆ. ಪೊಲ್ಲಿಬೆಟ್ಟದ ಸುತ್ತಮುತ್ತ ಟಾಟಾ ಸಂಸ್ಥೆಯ ತೋಟಗಳಂಥ ದೊಡ್ಡ ಹಿಡುವಳಿಗಳಿದ್ದರೂ, ಸಂಖ್ಯೆಯ ದೃಷ್ಟಿಯಿಂದ ಹಿಡುವಳಿಗಳಲ್ಲಿ ಬಹುತೇಕ ಎಲ್ಲವೂ 10 ಹೆಕ್ಟೇರಿಗಿಂತ ಚಿಕ್ಕವು. ದೊಡ್ಡ ತೋಟದ ಕಾಫಿ ತನ್ನದೇ ಹೆಸರಿನಲ್ಲಿ ಕ್ಯೂರಿಂಗ್‌ಗೆ ಹೋಗುತ್ತದೆ. ಸಣ್ಣ ಬೆಳೆಗಾರನ ಕಾಫಿ ಹಾಗಲ್ಲ. ಆತ ಹಣ್ಣನ್ನು ಕಣದಲ್ಲಿ ಒಣಗಿಸಿ, 50 ಕಿಲೋಗ್ರಾಂ ತೂಕದ ಚೀಲಗಳಲ್ಲಿ ಊರಿನ ವ್ಯಾಪಾರಿಗೆ ಮಾರುತ್ತಾನೆ. ವ್ಯಾಪಾರಿಯ ಗೋದಾಮಿನಲ್ಲಿ ಹತ್ತಾರು ತೋಟಗಳ ಚೀಲಗಳು ಒಂದೇ ರಾಶಿಯಾಗುತ್ತವೆ.

ಈ ವ್ಯಾಪಾರದಲ್ಲಿ ಬಳಕೆಯಲ್ಲಿರುವ ಅಳತೆ ‘ಓಟಿ’, ಅಂದರೆ ಔಟ್‌ಟರ್ನ್. ಒಂದು ಚೀಲ ಒಣ ಚೆರ್ರಿಯ ಸಿಪ್ಪೆ ತೆಗೆದಾಗ ಎಷ್ಟು ಕಿಲೋ ಬೀಜ ದೊರೆಯುತ್ತದೆ ಎಂಬುದನ್ನು ಅದು ಸೂಚಿಸುತ್ತದೆ. ಒಳ್ಳೆಯ ರೊಬಸ್ಟಾ ಚೆರ್ರಿಯಲ್ಲಿ ಇದು ಸಾಮಾನ್ಯವಾಗಿ 26ರಿಂದ 28ರವರೆಗೆ ಇರುತ್ತದೆ. ಆ ದಿನದ ದರವನ್ನು ಓಟಿಯಿಂದ ಗುಣಿಸಿ ಚೀಲದ ಬೆಲೆ ಕಟ್ಟುತ್ತಾರೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಬೆಲೆ ನಿರ್ಣಯಕ್ಕೆ ಬೀಜದ ಪ್ರಮಾಣ ಮತ್ತು ತೇವಾಂಶ ಸಾಕಾಗುತ್ತವೆ. ಕಾಫಿ ಯಾವ ಸರ್ವೆ ನಂಬರಿನ ಭೂಮಿಯದು, ಯಾರು ಕೊಯ್ದರು, ತೋಟದಲ್ಲಿ ಎಷ್ಟು ಮರಗಳಿವೆ ಎಂಬ ಪ್ರಶ್ನೆಗಳಿಗೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ. ಸುಸ್ಥಿರತೆಯ ಕುರಿತ ಹೊಸ ನಿಯಮಗಳು ಕೇಳುವುದು ಮಾತ್ರ ಈ ಪ್ರಶ್ನೆಗಳನ್ನೇ. ಕೊಡಗಿನ ಸರಪಳಿಯ ಮುಖ್ಯ ದೌರ್ಬಲ್ಯ ಈ ಅಂತರದಲ್ಲಿದೆ.

ಗೋದಾಮಿನಿಂದ ಕಾಫಿಯು ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶ, ಹುಣಸೂರು ಮುಂತಾದೆಡೆಗಳ ಕ್ಯೂರಿಂಗ್ ಘಟಕಗಳಿಗೆ ಹೋಗಿ, ಅಲ್ಲಿ ಸಿಪ್ಪೆ ಬಿಡಿಸಿ, ಗಾತ್ರ ಮತ್ತು ಬಣ್ಣಗಳ ಮೇಲೆ ವಿಂಗಡಣೆಗೊಂಡು, ಮಂಗಳೂರು ಅಥವಾ ಕೊಚ್ಚಿ ಬಂದರಿನ ಮೂಲಕ ಹೊರದೇಶಕ್ಕೆ ಸಾಗುತ್ತದೆ. ಕೊಡಗಿನಲ್ಲಿ ರೈಲು ನಿಲ್ದಾಣವಿಲ್ಲ. ಸಾಗಾಟ ಪೂರ್ತಿಯಾಗಿ ರಸ್ತೆಯನ್ನು, ಪಶ್ಚಿಮಕ್ಕೆ ಹೋಗುವಾಗ ಸಂಪಾಜೆ ಅಥವಾ ಮಾಕುಟ್ಟದ ಘಟ್ಟದ ದಾರಿಗಳನ್ನು ಅವಲಂಬಿಸಿದೆ.

ಹಿನ್ನೆಲೆ

ಕೊಡಗಿನಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟವನ್ನು 1854ರಲ್ಲಿ ಜಾನ್ ಫೌಲರ್ ಎಂಬವರು ಮಡಿಕೇರಿಯಲ್ಲಿ ಆರಂಭಿಸಿದರು. ಮುಂದಿನ ದಶಕದಲ್ಲಿ ಕಾಡನ್ನು ಪೂರ್ತಿ ಕಡಿದು, ಬಯಲಿನಲ್ಲಿ ಕಾಫಿ ನೆಡುವ ಪದ್ಧತಿ ಹರಡಿತು. ಬಿಸಿಲಿಗೆ ತೆರೆದುಕೊಂಡ ಗಿಡಗಳಿಗೆ ಬಿಳಿ ಕಾಂಡಕೊರಕ ಹುಳು ತಗಲಿ, 1860ರ ದಶಕದ ಕೊನೆಯ ಹೊತ್ತಿಗೆ ತೋಟಗಳಿಗೆ ತೋಟಗಳೇ ನಾಶವಾದವು. ಈ ಹಾನಿಯನ್ನು ಪರಿಶೀಲಿಸಲು ಮದರಾಸು ಸರ್ಕಾರ ನಿಯೋಜಿಸಿದ ವೈದ್ಯ ಜಾರ್ಜ್ ಬಿಡೀ ಅವರು 1869ರಲ್ಲಿ ಪ್ರಕಟವಾದ ವರದಿಯಲ್ಲಿ, ಕಾಫಿಯನ್ನು ಮರಗಳ ನೆರಳಿನಲ್ಲಿ ಬೆಳೆಯಬೇಕೆಂದು ಸಲಹೆ ಮಾಡಿದರು. ಇಂದು ಕೊಡಗಿನ ಕಾಫಿಯ ಹೆಗ್ಗಳಿಕೆಯಾಗಿ ಹೇಳಲಾಗುವ ನೆರಳು ಪದ್ಧತಿ ಗಟ್ಟಿಯಾಗಿ ನೆಲೆಯೂರಿದ್ದು ಪರಿಸರಪ್ರೇಮದಿಂದಲ್ಲ, ನಷ್ಟದ ಭೀತಿಯಿಂದ ಎಂಬುದನ್ನು ಈ ಇತಿಹಾಸ ತೋರಿಸುತ್ತದೆ.

1942ರ ಕಾಫಿ ಕಾಯ್ದೆಯನ್ವಯ ಸ್ಥಾಪನೆಗೊಂಡ ಕಾಫಿ ಮಂಡಳಿಯು ಹಲವು ದಶಕಗಳ ಕಾಲ ಬೆಳೆಗಾರರ ಕಾಫಿಯನ್ನೆಲ್ಲ ಒಟ್ಟಿಗೆ ಸಂಗ್ರಹಿಸಿ ಮಾರುವ ‘ಪೂಲ್’ ವ್ಯವಸ್ಥೆಯನ್ನು ನಡೆಸಿತು. 1990ರ ದಶಕದಲ್ಲಿ ಹಂತ ಹಂತವಾಗಿ ಇದು ಸಡಿಲಗೊಂಡು, 1996ರಲ್ಲಿ ಮಾರುಕಟ್ಟೆ ಸಂಪೂರ್ಣ ಮುಕ್ತವಾಯಿತು. ಪೂಲ್ ವ್ಯವಸ್ಥೆಯಲ್ಲಿ ಬೆಳೆಗಾರನಿಗೆ ಹಣ ಕಂತುಗಳಲ್ಲಿ, ತಡವಾಗಿ ಬರುತ್ತಿತ್ತು. ಆದರೆ ಬೆಲೆಯ ಏರಿಳಿತದ ಭಾರವನ್ನು ಅದು ಹಂಚಿಕೊಳ್ಳುತ್ತಿತ್ತು. ಮುಕ್ತ ಮಾರುಕಟ್ಟೆಯಲ್ಲಿ ಬೆಲೆ ಲಂಡನ್ ಮತ್ತು ನ್ಯೂಯಾರ್ಕ್ ವಾಯಿದೆ ಪೇಟೆಗಳ ಜೊತೆ ನೇರವಾಗಿ ಕಟ್ಟಿಕೊಂಡಿತು. 2000ದ ದಶಕದ ಆರಂಭದ ಬೆಲೆ ಕುಸಿತದಲ್ಲಿ ಅನೇಕ ತೋಟಗಳು ಸಾಲದ ಸುಳಿಗೆ ಸಿಕ್ಕವು. ಬೇರೆ ಬೇರೆ ಕೊಳ್ಳುಗರು ಬೇರೆ ಬೇರೆ ಷರತ್ತುಗಳನ್ನು ಹಾಕುವ, ಪ್ರಮಾಣೀಕರಣದ ಮುದ್ರೆ ಬೇಡುವ ಪರಿಪಾಠ ಬೆಳೆದುದೂ ಈ ಅವಧಿಯ ನಂತರವೇ.

ಕಾಡು, ನೆರಳು ಮತ್ತು ಯುರೋಪಿನ ನಿಯಮ

ಯುರೋಪಿಯನ್ ಒಕ್ಕೂಟದ ಅರಣ್ಯನಾಶ ತಡೆ ನಿಯಮವು 2023ರ ಜೂನ್ 29ರಂದು ಊರ್ಜಿತವಾಯಿತು. ಜಾನುವಾರು, ಕೋಕೋ, ಕಾಫಿ, ತಾಳೆ ಎಣ್ಣೆ, ರಬ್ಬರ್, ಸೋಯಾ ಮತ್ತು ಮರಮಟ್ಟು ಎಂಬ ಏಳು ಸರಕುಗಳಿಗೆ ಅದು ಅನ್ವಯಿಸುತ್ತದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಸರಕನ್ನು ಒಕ್ಕೂಟದ ಮಾರುಕಟ್ಟೆಗೆ ತರುವಂತಿಲ್ಲ. ಜೊತೆಗೆ ಅದು ಬೆಳೆದ ದೇಶದ ಕಾನೂನಿಗೆ ಅನುಗುಣವಾಗಿಯೂ ಉತ್ಪಾದನೆಯಾಗಿರಬೇಕು. ಪ್ರತಿ ಸರಕಿನೊಂದಿಗೆ ಅದು ಬೆಳೆದ ಜಮೀನಿನ ಅಕ್ಷಾಂಶ ರೇಖಾಂಶಗಳನ್ನು ಕೊಡಬೇಕು. ಜಮೀನು 4 ಹೆಕ್ಟೇರಿಗಿಂತ ದೊಡ್ಡದಿದ್ದರೆ ಒಂದು ಬಿಂದು ಸಾಲದು, ಸುತ್ತಳತೆಯ ನಕ್ಷೆ ಬೇಕು. ಮೂಲ ತಿಳಿಯದ ಕಾಫಿಯನ್ನು ಮೂಲ ತಿಳಿದ ಕಾಫಿಯೊಂದಿಗೆ ಬೆರೆಸಿ ಪ್ರಮಾಣದ ಲೆಕ್ಕ ತೋರಿಸುವುದಕ್ಕೆ ಅವಕಾಶವಿಲ್ಲ. ಉಲ್ಲಂಘನೆಗೆ ವಿಧಿಸುವ ಗರಿಷ್ಠ ದಂಡವು ಕಂಪನಿಯ ಒಕ್ಕೂಟದೊಳಗಿನ ವಾರ್ಷಿಕ ವಹಿವಾಟಿನ ಕನಿಷ್ಠ ಶೇಕಡ 4ರಷ್ಟಿರಬೇಕೆಂದು ನಿಯಮ ಹೇಳುತ್ತದೆ.

ಜಾರಿಯ ದಿನಾಂಕ ಎರಡು ಬಾರಿ ಮುಂದೆ ಹೋಗಿದೆ. ಮೊದಲು 2024ರ ಡಿಸೆಂಬರ್ 30 ಎಂದಿದ್ದುದು ಒಂದು ವರ್ಷ ಮುಂದೂಡಲ್ಪಟ್ಟಿತು. 2025ರ ಡಿಸೆಂಬರಿನಲ್ಲಿ ಮಾಡಿದ ತಿದ್ದುಪಡಿಯಂತೆ ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗೆ 2027ರ ಜೂನ್ 30 ಎಂದು ನಿಗದಿಯಾಗಿದೆ. 2025ರ ಮೇ ತಿಂಗಳಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಭಾರತವು ‘ಕಡಿಮೆ ಅಪಾಯ’ದ ದೇಶಗಳ ಸಾಲಿನಲ್ಲಿದೆ. ಇದರಿಂದ ಆಮದುದಾರನ ಪರಿಶೀಲನೆಯ ಹೊರೆ ತಗ್ಗುತ್ತದೆಯೇ ಹೊರತು ಜಮೀನಿನ ನೆಲೆಯನ್ನು ತಿಳಿಸುವ ಅಗತ್ಯ ಇಲ್ಲವಾಗುವುದಿಲ್ಲ. ಕಾನೂನಿನ ಹೊಣೆ ಯುರೋಪಿನ ಆಮದುದಾರನದು; ಮಾಹಿತಿ ಒದಗಿಸುವ ಕೆಲಸ ಮಾತ್ರ ಸರಪಳಿಯ ಇನ್ನೊಂದು ತುದಿಯಲ್ಲಿರುವ ಬೆಳೆಗಾರನದು. ಮುಂದೂಡಿಕೆಯ ಸುದ್ದಿ ಬಂದಾಗಲೆಲ್ಲ ನೋಂದಣಿಯ ಉತ್ಸಾಹ ಇಳಿಯುವುದು ಸಹಜ. ಆದರೆ ಗಡುವಿನ ವರ್ಷದ ಕಾಫಿ ಅದಕ್ಕೂ ಮುಂಚೆಯೇ ಗಿಡದಲ್ಲಿರುತ್ತದೆ.

ನಿಯಮದ ಪ್ರಕಾರ ಅರ್ಧ ಹೆಕ್ಟೇರಿಗಿಂತ ದೊಡ್ಡದಾದ, 5 ಮೀಟರಿಗಿಂತ ಎತ್ತರದ ಮರಗಳಿರುವ, ಶೇಕಡ 10ಕ್ಕಿಂತ ಹೆಚ್ಚು ಮೇಲ್ಛಾವಣಿ ಇರುವ ನೆಲ ಅರಣ್ಯ ಎನಿಸುತ್ತದೆ. ಕೃಷಿಗೆ ಬಳಕೆಯಾಗುವ ಭೂಮಿಯನ್ನು, ಮರಗಳ ನೆರಳಿನಲ್ಲಿ ಬೆಳೆ ತೆಗೆಯುವ ತೋಟಗಳನ್ನೂ ಸೇರಿಸಿ, ಇದರಿಂದ ಹೊರಗಿಡಲಾಗಿದೆ. ಬರಹದಲ್ಲಿ ಇದು ಸ್ಪಷ್ಟವಾಗಿದ್ದರೂ, ಉಪಗ್ರಹದ ಚಿತ್ರಕ್ಕೆ ಮೇಲಿನ ಹಸಿರು ಕಾಣುತ್ತದೆಯೇ ಹೊರತು ಕೆಳಗಿನ ಕಾಫಿ ಗಿಡ ಕಾಣುವುದಿಲ್ಲ. ಕೊಡಗಿನ ಬೆಳೆಗಾರ ಪ್ರತಿ ವರ್ಷ ಮಳೆಗಾಲಕ್ಕೆ ಮುನ್ನ ಮರ ಕಪಾತು ಮಾಡಿಸಿ, ಕೊಂಬೆ ಸವರಿ ಬೆಳಕು ಬಿಡುತ್ತಾನೆ. ಕೆಲವು ವರ್ಷಗಳಿಗೊಮ್ಮೆ ಸಿಲ್ವರ್ ಓಕ್ ಕಡಿದು ಮಾರುತ್ತಾನೆ. ನೆಲವನ್ನು ಬಲ್ಲವನಿಗೆ ಇದು ತೋಟದ ವಾಡಿಕೆಯ ಕೆಲಸ. ಎರಡು ಚಿತ್ರಗಳನ್ನು ಹೋಲಿಸುವ ಯಂತ್ರಕ್ಕೆ ಅದು ಕಾಡಿನ ಇಳಿಕೆಯಂತೆ ತೋರಬಹುದು. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯೂ ಒಡೆತನ ಮತ್ತು ಬಳಕೆಯನ್ನು ನೋಡದೆ ಮರದ ಹೊದಿಕೆಯನ್ನು ಅರಣ್ಯಾವರಣವೆಂದು ಎಣಿಸುತ್ತದೆ. ಜಿಲ್ಲೆಯ ಅರಣ್ಯಾವರಣದ ಅಂಕಿ ಅಷ್ಟು ಎತ್ತರದಲ್ಲಿರುವುದಕ್ಕೆ ಕಾಫಿ ತೋಟಗಳು ಒಂದು ಮುಖ್ಯ ಕಾರಣ. ಅತಿ ಹೆಚ್ಚು ಮರ ಉಳಿಸಿಕೊಂಡ ತೋಟವೇ ಅತಿ ಹೆಚ್ಚು ಅನುಮಾನಕ್ಕೆ ಗುರಿಯಾಗುವ ಸಾಧ್ಯತೆ ಇಲ್ಲಿದೆ.

ಹಾಗೆಂದು ಕೊಡಗಿನಲ್ಲಿ ಅರಣ್ಯನಾಶದ ಪ್ರಶ್ನೆಯೇ ಇಲ್ಲ ಎನ್ನಲಾಗದು. 1977ರಿಂದ 1997ರವರೆಗಿನ ಅವಧಿಯಲ್ಲಿ ಜಿಲ್ಲೆಯ ಅರಣ್ಯ ಕಾಲು ಭಾಗಕ್ಕಿಂತಲೂ ಹೆಚ್ಚು ಕಡಿಮೆಯಾಯಿತೆಂದೂ, ಹೀಗೆ ಹೋದದ್ದು ಬಹುಮಟ್ಟಿಗೆ ಖಾಸಗಿ ಹಿಡಿತದ ಕಾಡೆಂದೂ, ಅದು ಕಾಫಿಯಾಗಿ ಮಾರ್ಪಟ್ಟಿತೆಂದೂ ಅಧ್ಯಯನಗಳು ತೋರಿಸಿವೆ. ಇದೆಲ್ಲ ಯುರೋಪಿನ ಗಡಿ ದಿನಾಂಕಕ್ಕೆ ಬಹಳ ಹಿಂದಿನದು. ಈಚಿನ ಚಿಂತೆ ಬೇರೆ ಬಗೆಯದು: ಕಾಡು ಇಲ್ಲವಾಗುವುದಕ್ಕಿಂತ ತೋಟದೊಳಗಿನ ಮರಗಳ ಜಾತಿ ಬದಲಾಗುವುದು. ನಂದಿ, ಹಲಸು, ಅತ್ತಿ, ಬೀಟೆಗಳ ಜಾಗದಲ್ಲಿ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ನೇರ ಸಾಲುಗಳಲ್ಲಿ ನಿಂತಿದೆ. ಅದು ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ಆಧಾರವಾಗುತ್ತದೆ, ಕಡಿಯುವುದಕ್ಕೆ ಅನುಮತಿಯ ತೊಡಕಿಲ್ಲ. ಮೇಲ್ಛಾವಣಿಯ ಶೇಕಡಾವಾರು ಮಾತ್ರ ಅಳೆಯುವ ನಿಯಮಕ್ಕೆ ಈ ನಷ್ಟ ಗೋಚರಿಸುವುದೇ ಇಲ್ಲ.

ಭೂದಾಖಲೆಯ ತೊಡಕು

ಕಾನೂನುಬದ್ಧ ಉತ್ಪಾದನೆಯನ್ನು ಸಾಬೀತುಪಡಿಸುವ ಮೊದಲ ದಾಖಲೆ ಜಮೀನಿನ ಪಹಣಿ. ಕೊಡಗಿನಲ್ಲಿ ಇದು ರಾಜ್ಯದ ಬೇರೆ ಜಿಲ್ಲೆಗಳಷ್ಟು ಸರಳವಲ್ಲ. ರಾಜರ ಕಾಲದಿಂದ ಬಂದು, 1899ರ ಕೊಡಗು ಭೂ ಮತ್ತು ಕಂದಾಯ ನಿಯಮಾವಳಿಯಲ್ಲಿ ದಾಖಲಾದ ಹಿಡುವಳಿ ಪದ್ಧತಿಗಳು ಇಲ್ಲಿ ಇಂದಿಗೂ ಜೀವಂತವಾಗಿವೆ. ಜಮ್ಮಾ ಎಂಬುದು ವಂಶಪಾರಂಪರ್ಯದ, ಕಡಿಮೆ ಕಂದಾಯದ ಹಿಡುವಳಿ. ಗದ್ದೆಗೆ ಸೊಪ್ಪು, ಸೌದೆ, ಮೇವು ಒದಗಿಸಲೆಂದು ಅದರೊಂದಿಗೆ ಬಿಟ್ಟುಕೊಟ್ಟ ಮರಗಳುಳ್ಳ ಎತ್ತರದ ನೆಲವೇ ಬಾಣೆ. ಕಾಲಕ್ರಮದಲ್ಲಿ ಬಾಣೆಗಳು ಕಾಫಿ ತೋಟಗಳಾದವು. ಪಹಣಿಯಲ್ಲಿ ಹಲವೆಡೆ ಒಕ್ಕದ ಪಟ್ಟೇದಾರನ ಹೆಸರೇ ಮುಂದುವರಿದಿದ್ದು, ತಲೆಮಾರುಗಳ ಹಿಂದೆಯೇ ಪಾಲಾಗಿ ಬೇರೆ ಬೇರೆ ಮನೆಗಳವರು ಸಾಗು ಮಾಡುತ್ತಿರುವುದು ದಾಖಲೆಗೆ ಬಂದಿರುವುದಿಲ್ಲ. ಒಂದೇ ಸರ್ವೆ ನಂಬರಿನಲ್ಲಿ ಹತ್ತು ಮನೆಗಳ ತೋಟವಿದ್ದರೆ ನಕ್ಷೆಯ ಗಡಿಯನ್ನು ಯಾರ ಹೆಸರಿನಲ್ಲಿ ಎಳೆಯಬೇಕು? ಭೂಕಂದಾಯ ಕಾಯ್ದೆಗೆ ತಿದ್ದುಪಡಿಗಳಾಗಿದ್ದರೂ ಪ್ರಶ್ನೆ ಪೂರ್ತಿ ತೀರಿಲ್ಲ. ಸಾಲ, ಬೆಳೆ ಪರಿಹಾರ ಮತ್ತು ಈಗ ರಫ್ತು, ಎಲ್ಲವೂ ಈ ಒಂದೇ ಗಂಟಿಗೆ ಬಂದು ನಿಲ್ಲುತ್ತವೆ.

ಮರದ ಹಕ್ಕು ಮತ್ತೊಂದು ಪದರ. ಮರಗಳ ಮೌಲ್ಯವನ್ನು ಸರ್ಕಾರಕ್ಕೆ ಪಾವತಿಸಿ ಬಿಡಿಸಿಕೊಂಡ ಭೂಮಿ ‘ರಿಡೀಮ್ಡ್’, ಹಾಗೆ ಮಾಡದಿದ್ದುದು ‘ಅನ್‌ರಿಡೀಮ್ಡ್’. ಎರಡನೆಯ ಬಗೆಯಲ್ಲಿ ನೆಲ ಬೆಳೆಗಾರನದಾದರೂ ಸ್ವಾಭಾವಿಕವಾಗಿ ಬೆಳೆದ ಬೆಲೆಬಾಳುವ ಮರ ಸರ್ಕಾರದ್ದು. ತಾನು ಕಾಪಾಡಿದ ಮರದಿಂದ ತನಗೆ ಪ್ರಯೋಜನವಿಲ್ಲ ಎಂದಾದಾಗ ನಾಡಮರದ ಸಸಿಯನ್ನು ಉಳಿಸುವ ಆಸಕ್ತಿ ಎಲ್ಲಿಂದ ಬರಬೇಕು? ಸಿಲ್ವರ್ ಓಕ್‌ನ ಹರಡುವಿಕೆಯ ಹಿಂದೆ ಕೃಷಿಯ ಅನುಕೂಲದಷ್ಟೇ ಈ ಕಾನೂನಿನ ಪಾತ್ರವೂ ಇದೆ ಎಂದು ಸಂಶೋಧಕರು ಗುರುತಿಸಿದ್ದಾರೆ. ಇದಲ್ಲದೆ ಪೈಸಾರಿ ಎಂದು ಕರೆಯುವ ಸರ್ಕಾರಿ ಭೂಮಿಯನ್ನು ಸೇರಿಸಿಕೊಂಡು ಬೆಳೆದ ತೋಟಗಳೂ ಇವೆ. ಒತ್ತುವರಿಯಾದ ಇಂಥ ಭೂಮಿಯನ್ನು ಷರತ್ತಿನ ಮೇಲೆ 30 ವರ್ಷಗಳ ಗುತ್ತಿಗೆಗೆ ಕೊಡುವ ಅವಕಾಶವನ್ನು ರಾಜ್ಯ ಸರ್ಕಾರ ಕಲ್ಪಿಸಿದೆ. ಅದು ಕಾರ್ಯಗತವಾದಲ್ಲಿ ಬೆಳೆಗಾರನಿಗೆ ಕಾನೂನಿನ ನೆಲೆ ಸಿಗುತ್ತದೆ. ಭೂಹೀನ ಆದಿವಾಸಿಗಳಿಗೆ ಸಲ್ಲಬೇಕಾದ ನೆಲ ಹಾಗೆ ಹೋಗುತ್ತದೆ ಎಂಬ ಆಕ್ಷೇಪವೂ ಇದೆ.

ಹವಾಮಾನ

ರೊಬಸ್ಟಾ ಬೆಳೆಯ ಭವಿಷ್ಯ ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಎರಡು ಮಳೆಗಳ ಮೇಲೆ ನಿಂತಿದೆ. ಮೊದಲನೆಯದು ಹೂಮಳೆ, ಅದು ಬಿದ್ದ ಒಂದು ವಾರದಿಂದ ಹತ್ತು ದಿನಗಳೊಳಗೆ ತೋಟವೆಲ್ಲ ಬೆಳ್ಳಗಾಗುತ್ತದೆ. ಎರಡನೆಯದು, ಕಾಯಿ ಕಚ್ಚಲು ಬೇಕಾದ, ಬೆಳೆಗಾರರ ಮಾತಿನಲ್ಲಿ ‘ಬ್ಯಾಕಿಂಗ್’ ಮಳೆ. ಇವು ತಪ್ಪಿದಾಗ ಅನುಕೂಲವಿದ್ದವರು ಹೊಳೆ ಅಥವಾ ಕೆರೆಯ ನೀರನ್ನು ತುಂತುರು ಯಂತ್ರಗಳಿಂದ ಹಾಯಿಸುತ್ತಾರೆ; ಇಲ್ಲದವರು ಬೆಳೆ ಕಳೆದುಕೊಳ್ಳುತ್ತಾರೆ. ಇನ್ನೊಂದೆಡೆ, ನವೆಂಬರ್‌ನಿಂದ ಜನವರಿಯವರೆಗೆ ಅಕಾಲಿಕ ಮಳೆಯಾದರೆ ಅರೇಬಿಕಾ ಹಣ್ಣು ಗಿಡದಲ್ಲಿಯೇ ಒಡೆಯುತ್ತದೆ, ಉದುರುತ್ತದೆ, ಕಣದಲ್ಲಿ ಹರಡಿದ್ದು ಬೂಸಲು ಹಿಡಿಯುತ್ತದೆ. ಮುಂಗಾರು ಅತಿಯಾದರೆ ಕೊಳೆರೋಗ.

2018ರ ಆಗಸ್ಟ್ ತಿಂಗಳ ಮಳೆ ಈ ಲೆಕ್ಕಗಳನ್ನೆಲ್ಲ ಮೀರಿದುದು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ, ಮೊಣ್ಣಂಗೇರಿ ಮುಂತಾದ ಕಡೆ ಬೆಟ್ಟಗಳು ಕುಸಿದು ಜನ ಸತ್ತರು, ಮನೆಗಳೂ ತೋಟಗಳೂ ಮಣ್ಣುಪಾಲಾದವು. ಮಡಿಕೇರಿ–ಸಂಪಾಜೆ ಹೆದ್ದಾರಿ ಕಡಿದು ಹೋಯಿತು. ಮಾಕುಟ್ಟದ ದಾರಿ ಅದೇ ವರ್ಷದ ಜೂನ್‌ನಲ್ಲಿ ಆಗಲೇ ಮುಚ್ಚಿತ್ತು. ಕಡಲತೀರಕ್ಕೆ ಹೋಗುವ ಎರಡೂ ಘಟ್ಟದ ದಾರಿಗಳು ಒಂದೇ ಮಳೆಗಾಲದಲ್ಲಿ ತುಂಡಾದುದು ಸಾಗಾಟದ ಅಪಾಯವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿತು. 2019ರಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಗುಡ್ಡ ಕುಸಿಯಿತು, ಕಾವೇರಿ ಉಕ್ಕಿ ಕರಡಿಗೋಡು ಮತ್ತು ನೆಲ್ಯಹುದಿಕೇರಿಯ ನದಿದಂಡೆಯ ಕುಟುಂಬಗಳು ನೆಲೆ ಕಳೆದುಕೊಂಡವು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಕುಸಿತವಾಯಿತು. ಇಳಿಜಾರನ್ನು ಕಡಿದು ಮಾಡಿದ ಕಟ್ಟಡ ಮತ್ತು ರಸ್ತೆ ಕಾಮಗಾರಿಗಳು ಅನಾಹುತಕ್ಕೆ ಎಷ್ಟರಮಟ್ಟಿಗೆ ಕಾರಣ ಎಂಬುದು ಅಂದಿನಿಂದ ಜಿಲ್ಲೆಯಲ್ಲಿ ನಡೆದಿರುವ ಚರ್ಚೆ. ಕಾಫಿ ಮಂಡಳಿಯು ಭಾರತೀಯ ಕೃಷಿ ವಿಮಾ ಕಂಪನಿಯೊಂದಿಗೆ ರೂಪಿಸಿದ್ದ ಮಳೆ ವಿಮೆ ಹೂಮಳೆ, ಬ್ಯಾಕಿಂಗ್ ಮಳೆಗಳ ಕೊರತೆಯನ್ನೂ ಮುಂಗಾರಿನ ಅತಿವೃಷ್ಟಿಯನ್ನೂ ಒಳಗೊಂಡಿತ್ತು. ಆದರೆ ಕೊಡಗಿನಲ್ಲಿ ಒಂದು ಗುಡ್ಡದ ಆಚೆ ಮತ್ತು ಈಚೆ ಮಳೆಯ ಪ್ರಮಾಣ ಬೇರೆಯಾಗಿರುವುದರಿಂದ, ದೂರದ ಮಳೆಮಾಪನ ಕೇಂದ್ರದ ಅಂಕಿಯನ್ನು ನಂಬಿದ ವಿಮೆಗೆ ಮಿತಿಗಳಿದ್ದವು.

ನೀರು

ಅರೇಬಿಕಾ ಹಣ್ಣಿನ ಸಿಪ್ಪೆ ಬಿಡಿಸಿ, ಲೋಳೆ ತೊಳೆದು ಪಾರ್ಚ್‌ಮೆಂಟ್ ಮಾಡುವ ಪಲ್ಪಿಂಗ್ ಕೆಲಸಕ್ಕೆ ಬಹಳ ನೀರು ಬೇಕು. ಹೊರಬರುವ ಕಂದುನೀರಿನಲ್ಲಿ ಸಕ್ಕರೆ ಮತ್ತು ಆಮ್ಲದ ಅಂಶ ಅಧಿಕವಾಗಿದ್ದು, ಅದು ತೊರೆಗೆ ಸೇರಿದರೆ ನೀರಿನ ಆಮ್ಲಜನಕ ಇಂಗಿ ಮೀನುಗಳು ಸಾಯುತ್ತವೆ. ಕೊಯ್ಲಿನ ಕಾಲದಲ್ಲಿ ತೊರೆಗಳ ಹರಿವೂ ಇಳಿದಿರುವುದರಿಂದ ಪರಿಣಾಮ ಇನ್ನಷ್ಟು ತೀವ್ರ. ಆ ತೊರೆಗಳು ಸೇರುವುದು ಕಾವೇರಿಯನ್ನು; ಮೈಸೂರು, ಬೆಂಗಳೂರುಗಳ ಕುಡಿಯುವ ನೀರು ಅದೇ. ತ್ಯಾಜ್ಯ ನೀರನ್ನು ಹೊಂಡಗಳಲ್ಲಿ ನಿಲ್ಲಿಸಿ, ಸುಣ್ಣದಿಂದ ಆಮ್ಲ ತಗ್ಗಿಸಿ, ತಂಗಿಸಿದ ಮೇಲೆ ತೋಟಕ್ಕೇ ಬಿಡುವುದು ನಿಗದಿತ ಕ್ರಮ. ಕಡಿಮೆ ನೀರು ಬಳಸುವ ಪಲ್ಪರ್‌ಗಳು ಬಂದ ಮೇಲೆ ಹೊರೆ ತಗ್ಗಿದೆ.

ದುಡಿಯುವವರು

ಕೊಡಗಿನ ತೋಟಗಳನ್ನು ಬಹುಕಾಲ ದುಡಿದು ಕಟ್ಟಿದವರಲ್ಲಿ ಪಣಿಯ ಎರವ, ಜೇನು ಕುರುಬ, ಬೆಟ್ಟ ಕುರುಬ ಸಮುದಾಯದವರು ಮುಖ್ಯರು. ಮಾಲೀಕರ ಲೈನ್ ಮನೆಗಳಲ್ಲಿ ವಾಸ, ಮುಂಗಡದ ಸಾಲ, ಅದಕ್ಕೆ ಪ್ರತಿಯಾಗಿ ದುಡಿಮೆ ಎಂಬ ಕಟ್ಟು ಜೀತದ ರೂಪ ತಾಳುತ್ತಿತ್ತು. 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆಯ ನಂತರವೂ ಸ್ವಂತ ಮನೆ ನಿವೇಶನವಿಲ್ಲದಿರುವುದು ಅವರ ಅವಲಂಬನೆಯನ್ನು ಉಳಿಸಿದೆ. 2016ರ ಡಿಸೆಂಬರಿನಲ್ಲಿ ಮಾಲ್ದಾರೆ ಬಳಿಯ ದಿಡ್ಡಳ್ಳಿಯ ಅರಣ್ಯದಲ್ಲಿ ಗುಡಿಸಲು ಹಾಕಿಕೊಂಡಿದ್ದ ನೂರಾರು ಆದಿವಾಸಿ ಕುಟುಂಬಗಳನ್ನು ಒಕ್ಕಲೆಬ್ಬಿಸಿದಾಗ ಈ ಸ್ಥಿತಿ ನಾಡಿನ ಗಮನಕ್ಕೆ ಬಂತು. ಅವರಲ್ಲಿ ಹಲವರು ಲೈನ್ ಮನೆಗಳನ್ನು ತೊರೆದು ಬಂದವರಾಗಿದ್ದರು. ಹೋರಾಟದ ನಂತರ ಬಸವನಹಳ್ಳಿ, ಬ್ಯಾಡಗೊಟ್ಟ ಮೊದಲಾದೆಡೆ ಪುನರ್ವಸತಿ ಕಲ್ಪಿಸಲಾಯಿತು.

ಈಗ ಕೊಯ್ಲಿನ ಕಾಲದಲ್ಲಿ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್‌ಗಳ ವಲಸೆ ಕಾರ್ಮಿಕರು ದೊಡ್ಡ ಸಂಖ್ಯೆಯಲ್ಲಿ ಬರುತ್ತಾರೆ. ಅವರನ್ನು ಕರೆತರುವವನು ಗುತ್ತಿಗೆದಾರ. ಕೂಲಿ ಪಾವತಿಯೂ ಹಲವೊಮ್ಮೆ ಅವನ ಮೂಲಕ. ತೋಟದ ಹಾಜರಿ ಪುಸ್ತಕದಲ್ಲಿ ಅವರ ಹೆಸರಿರದಿದ್ದರೆ ಕನಿಷ್ಠ ಕೂಲಿ, ಭವಿಷ್ಯನಿಧಿ, ಅಪಘಾತ ಪರಿಹಾರ ಯಾವುದನ್ನೂ ಪರಿಶೀಲಿಸುವ ದಾರಿಯಿಲ್ಲ. ಪೋಷಕರ ಜೊತೆ ಬಂದ ಮಕ್ಕಳು ಶಾಲೆ ಬಿಟ್ಟು ಹಣ್ಣು ಆಯುವುದು ಕೊಳ್ಳುವ ಕಂಪನಿಗಳು ಹೆಚ್ಚು ಅಂಜುವ ಅಪಾಯ. 1951ರ ತೋಟ ಕಾರ್ಮಿಕ ಕಾಯ್ದೆಯು ವಸತಿ, ಆಸ್ಪತ್ರೆ, ಶಿಶುಮಂದಿರಗಳನ್ನು ಕಡ್ಡಾಯ ಮಾಡಿತ್ತಾದರೂ ಅದು ಅನ್ವಯಿಸುತ್ತಿದ್ದುದು 5 ಹೆಕ್ಟೇರ್ ಮತ್ತು 15 ಕಾರ್ಮಿಕರ ಮಿತಿ ಮುಟ್ಟಿದ ತೋಟಗಳಿಗೆ ಮಾತ್ರ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಅದರ ಸ್ಥಾನಕ್ಕೆ ಬಂದಿವೆ. ಸಣ್ಣ ತೋಟದ ಕೂಲಿಯಾಳು ತಪಾಸಣೆಯ ಕಣ್ಣಿಗೆ ಬೀಳುವುದು ಅಪರೂಪವೇ.

ಆನೆಗಳು

ದಕ್ಷಿಣ ಕೊಡಗಿನಲ್ಲಿ ಆನೆಗಳು ಕಾಡಿನಿಂದ ತೋಟಕ್ಕೆ ಬಂದು ಹೋಗುವುದಷ್ಟೇ ಅಲ್ಲ, ತೋಟಗಳಲ್ಲಿಯೇ ವರ್ಷವಿಡೀ ನೆಲೆಸಿವೆ. ನೆರಳು, ನೀರು, ಹಲಸು ಎಲ್ಲವೂ ಅಲ್ಲಿದೆ; ಕಾಫಿ ಹಣ್ಣಿನ ರುಚಿಯನ್ನೂ ಅವು ಕಂಡುಕೊಂಡಿವೆ. ಮುಂಜಾನೆ ಕೆಲಸಕ್ಕೆ ನಡೆದುಹೋಗುವ ಕಾರ್ಮಿಕರೇ ದಾಳಿಗೆ ಹೆಚ್ಚಾಗಿ ಬಲಿಯಾಗುವವರು. ಅರಣ್ಯ ಇಲಾಖೆಯ ರೈಲು ಕಂಬಿಗಳ ತಡೆ, ಸೌರ ಬೇಲಿ, ಆನೆಗಳಿಗೆ ರೇಡಿಯೋ ಕಾಲರ್, ಮೊಬೈಲ್ ಸಂದೇಶದ ಎಚ್ಚರಿಕೆ ಮೊದಲಾದ ಕ್ರಮಗಳು ನಡೆದಿವೆ. ಪ್ರಮಾಣೀಕರಣದ ಮಾನದಂಡಗಳು ವನ್ಯಜೀವಿಗೆ ಹಾನಿಯಾಗಬಾರದೆಂದು ಹೇಳುತ್ತವೆ, ಕಾರ್ಮಿಕನ ಸುರಕ್ಷತೆಯನ್ನೂ ಕೇಳುತ್ತವೆ. ಎರಡನ್ನೂ ಒಂದೇ ತೋಟದಲ್ಲಿ ಸಾಧಿಸುವ ಬಗೆಯನ್ನು ಬೆಳೆಗಾರನೊಬ್ಬನೇ ಕಂಡುಕೊಳ್ಳಲಾರ. ಇದು ಕೊಡಗಿನ ಪಟ್ಟಿಯಲ್ಲಿ ಯಾವ ಸಾಮಾನ್ಯ ಮಾರ್ಗಸೂಚಿಗೂ ಸಲೀಸಾಗಿ ಹೊಂದದ ಅಪಾಯ.

ನಿರ್ವಹಣೆಯ ಕ್ರಮಗಳು

ರೈನ್‌ಫಾರೆಸ್ಟ್ ಅಲಯನ್ಸ್, 2018ರಲ್ಲಿ ಅದರೊಂದಿಗೆ ವಿಲೀನವಾದ ಯುಟಿಜೆಡ್, ಫೋರ್‌ಸಿ, ಫೇರ್‌ಟ್ರೇಡ್ ಮತ್ತು ಸಾವಯವ ಪ್ರಮಾಣಪತ್ರಗಳು ಕೊಡಗಿನಲ್ಲಿ ಪರಿಚಿತ. ಟಾಟಾ ಕಾಫಿಯ ತೋಟಗಳು ಮೊದಲಿಗೆ ಇವನ್ನು ಪಡೆದವುಗಳಲ್ಲಿ ಸೇರಿದ್ದವು. ಆ ಕಂಪನಿ 2024ರ ಜನವರಿಯಲ್ಲಿ ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್‌ನಲ್ಲಿ ವಿಲೀನವಾಯಿತು. ದೊಡ್ಡ ತೋಟಕ್ಕೆ ದಾಖಲೆ ಇಡಲು ಕಚೇರಿಯಿದೆ, ಗುಮಾಸ್ತರಿದ್ದಾರೆ. ಸಣ್ಣವರಿಗೆ ಇರುವ ದಾರಿ ಗುಂಪು ಪ್ರಮಾಣೀಕರಣ. ರಫ್ತುದಾರ ಅಥವಾ ಸಂಘವೊಂದು ನೂರಾರು ಬೆಳೆಗಾರರ ಪರವಾಗಿ ಆಂತರಿಕ ತಪಾಸಣೆ ನಡೆಸುತ್ತದೆ. ಆಗ ಪ್ರಮಾಣಪತ್ರ ರಫ್ತುದಾರನ ಕೈಯಲ್ಲಿರುತ್ತದೆ, ಬೆಳೆಗಾರ ಬೇರೆಯವರಿಗೆ ಮಾರಿದರೆ ಅದರ ಲಾಭ ಅವನಿಗಿಲ್ಲ. 2024ರಲ್ಲಿ ರೊಬಸ್ಟಾ ಚೆರ್ರಿ ಚೀಲಕ್ಕೆ 10,000 ರೂಪಾಯಿ ದಾಟಿದಾಗ, ಪ್ರಮಾಣೀಕೃತ ಕಾಫಿಗೆ ದೊರೆಯುವ ಅಲ್ಪ ಹೆಚ್ಚುವರಿ ಹಣದ ಆಕರ್ಷಣೆ ಕರಗಿತು. ಬೆಲೆ ಬಿದ್ದಾಗ ತೋಟದ ಖರ್ಚಿಗೇ ಹಣವಿಲ್ಲ, ಬೆಲೆ ಏರಿದಾಗ ಮುದ್ರೆಯ ಹಂಗಿಲ್ಲ: ಈ ವ್ಯವಸ್ಥೆ ಸಾಧಾರಣ ವರ್ಷಗಳಿಗೆ ಹೇಳಿ ಮಾಡಿಸಿದಂತಿದೆ.

ಕಾಫಿ ಮಂಡಳಿಯು 2019ರಲ್ಲಿ ಬ್ಲಾಕ್‌ಚೈನ್ ಆಧಾರಿತ ಮಾರುಕಟ್ಟೆಯ ಪ್ರಯೋಗವನ್ನು ಆರಂಭಿಸಿತು. ಅದೇ ವರ್ಷ ‘ಕೊಡಗು ಅರೇಬಿಕಾ ಕಾಫಿ’ಗೆ ಭೌಗೋಳಿಕ ಸೂಚಕ ದೊರೆಯಿತು. ಯುರೋಪಿನ ನಿಯಮದ ಹಿನ್ನೆಲೆಯಲ್ಲಿ ಬೆಳೆಗಾರರ ಜಮೀನಿನ ವಿವರಗಳನ್ನು ‘ಇಂಡಿಯಾ ಕಾಫಿ’ ಎಂಬ ಮೊಬೈಲ್ ಅನ್ವಯದಲ್ಲಿ ನೋಂದಾಯಿಸಿಕೊಳ್ಳುವ ಕಾರ್ಯವನ್ನೂ ಮಂಡಳಿ ಕೈಗೊಂಡಿದೆ. ಖಾಸಗಿ ಕೊಳ್ಳುಗನ ಬದಲು ಸಾರ್ವಜನಿಕ ಸಂಸ್ಥೆಯ ಬಳಿ ಮಾಹಿತಿ ಇದ್ದರೆ, ಬೆಳೆಗಾರ ಯಾರಿಗೆ ಬೇಕಾದರೂ ಮಾರುವ ಸ್ವಾತಂತ್ರ್ಯ ಉಳಿಯುತ್ತದೆ. ಜಮೀನಿನ ವಿವರ ಕಂದಾಯ ಅಥವಾ ಅರಣ್ಯ ಇಲಾಖೆಯ ಕೈಗೆ ಹೋಗಬಹುದೆಂಬ ಅಳುಕು, ವಿಶೇಷವಾಗಿ ಪೈಸಾರಿ ಸೇರಿದ ತೋಟಗಳವರಲ್ಲಿ, ನೋಂದಣಿಗೆ ಅಡ್ಡಿಯಾಗಬಲ್ಲದು.

ಕಂಪನಿಗಳ ಮಟ್ಟದಲ್ಲಿ, ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯು 2022–23ರ ಹಣಕಾಸು ವರ್ಷದಿಂದ ಅಗ್ರ 1,000 ನೋಂದಾಯಿತ ಕಂಪನಿಗಳಿಗೆ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನು ಕಡ್ಡಾಯಗೊಳಿಸಿದೆ. ಪೂರೈಕೆದಾರರ ವಿವರ ನೀಡುವ ಭಾಗವನ್ನು 2025ರಲ್ಲಿ ಐಚ್ಛಿಕ ಮಾಡಿ, ಕಂಪನಿಯ ಖರೀದಿ ಅಥವಾ ಮಾರಾಟದಲ್ಲಿ ಶೇಕಡ 2ರಷ್ಟು ಪಾಲುಳ್ಳವರಿಗೆ ಸೀಮಿತಗೊಳಿಸಲಾಗಿದೆ. ಈ ಮಿತಿಯಲ್ಲಿ ಕಾಣಿಸಿಕೊಳ್ಳುವುದು ದೊಡ್ಡ ವ್ಯಾಪಾರಿ ಮತ್ತು ಕ್ಯೂರಿಂಗ್ ಘಟಕ. ಐದೆಕರೆಯ ಬೆಳೆಗಾರ, ಅವನ ತೋಟದ ಕಾರ್ಮಿಕ ವರದಿಯಲ್ಲಿ ಇರುವುದೇ ಇಲ್ಲ. ಇದಕ್ಕೆ ಹೋಲಿಸಿದರೆ 2023ರಿಂದ ಜಾರಿಯಲ್ಲಿರುವ ಜರ್ಮನಿಯ ಪೂರೈಕೆ ಸರಪಳಿ ಕಾಯ್ದೆಯು ನೇರ ಪೂರೈಕೆದಾರನಾಚೆಗೂ, ಹಕ್ಕುಗಳ ಉಲ್ಲಂಘನೆಯ ಖಚಿತ ಸುಳಿವು ದೊರೆತಾಗ, ವಿಚಾರಿಸುವ ಹೊಣೆಯನ್ನು ಕಂಪನಿಯ ಮೇಲೆ ಹಾಕುತ್ತದೆ.

ಆಹಾರ ಸುರಕ್ಷತೆಯ ಮಿತಿಗಳು ಕೂಡ ಬಿಗಿಯಾಗುತ್ತಿವೆ. ಸರಿಯಾಗಿ ಒಣಗದ ಕಾಫಿಯಲ್ಲಿ ಬೂಸಲಿನಿಂದ ಉಂಟಾಗುವ ಓಕ್ರಾಟಾಕ್ಸಿನ್‌ನ ಮಿತಿಯನ್ನು ಯುರೋಪಿಯನ್ ಒಕ್ಕೂಟ 2023ರ ಜನವರಿಯಿಂದ ಹುರಿದ ಕಾಫಿಯಲ್ಲಿ ಕಿಲೋಗೆ 5 ಮೈಕ್ರೋಗ್ರಾಂನಿಂದ 3ಕ್ಕೆ ಇಳಿಸಿತು. ಮಣ್ಣಿನ ನೆಲದ ಬದಲು ಸಿಮೆಂಟಿನ ಕಣ ಅಥವಾ ಎತ್ತರದ ಅಟ್ಟಣೆ, ಚೀಲ ತುಂಬುವ ಮುನ್ನ ತೇವಾಂಶ ಮಾಪನ, ಇವಿಷ್ಟೇ ಇದಕ್ಕೆ ಪರಿಹಾರ. ಕೊಯ್ಲಿನ ನಡುವೆ ಮಳೆ ಬಂದರೆ ಅದೂ ಕಷ್ಟ.

ಕಾಳುಮೆಣಸಿನ ಪ್ರಕರಣ

ಕಾಫಿ ತೋಟದ ಮರಗಳಿಗೇ ಹಬ್ಬಿಸುವ ಕಾಳುಮೆಣಸು ಬೆಳೆಗಾರನಿಗೆ ಬೆಲೆ ಕುಸಿತದ ವಿರುದ್ಧದ ಸ್ವಾಭಾವಿಕ ವಿಮೆಯಂತಿದೆ. 2017ರಲ್ಲಿ ವಿಯೆಟ್ನಾಂನ ಅಗ್ಗದ ಮೆಣಸು ಶ್ರೀಲಂಕಾದ ಮೂಲಕ ಭಾರತಕ್ಕೆ ಬಂದು ಕೊಡಗಿನ ಮೆಣಸಿನೊಂದಿಗೆ ಬೆರಕೆಯಾಗುತ್ತಿದೆ ಎಂಬ ದೂರು ಜಿಲ್ಲೆಯಲ್ಲಿ ದೊಡ್ಡ ವಿವಾದವಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಮೆಣಸಿನ ಆಮದಿಗೆ ಕಿಲೋಗೆ 500 ರೂಪಾಯಿಗಳ ಕನಿಷ್ಠ ಬೆಲೆ ನಿಗದಿ ಮಾಡಿತು. ಮೂಲದ ದಾಖಲೆಯಿಲ್ಲದ ರಾಶಿಯಲ್ಲಿ ಒಳ್ಳೆಯದಕ್ಕೂ ಬೆರಕೆಗೂ ಒಂದೇ ಬೆಲೆ ಬೀಳುತ್ತದೆಂಬುದನ್ನು ಬೆಳೆಗಾರರು ಆಗ ಕಂಡರು. ಮೂಲದ ಗುರುತನ್ನು ಕೇಳಿದವರು ಅಂದು ಯುರೋಪಿನ ಕೊಳ್ಳುಗರಲ್ಲ, ಕೊಡಗಿನ ಬೆಳೆಗಾರರೇ.